ಏಳು ಬೀಜದ ಕಾಯಿ

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷದ ಬೇಸಿಗೆ. ಕೃತ್ತಿಕಾ ಮಳೆಯ ಕೊನೆಯ ದಿನಗಳು, ಆದರೆ ಹನಿ ಬಿದ್ದಿರಲಿಲ್ಲ. ಸಂಜೆ, ಹೊತ್ತು ಇನ್ನೂ ಮುಳುಗಿರಲಿಲ್ಲ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ, ನೀಲಮ್ಮ ಎಂಬವರ ಮನೆಯ ಪಡಸಾಲೆಯಲ್ಲಿ, ತಲೆಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ, ಪೂರ್ವಕ್ಕೆ ಮುಖ ಮಾಡಿ ನಾನು ನಿಂತಿದ್ದೆ. ಮೈಯಲ್ಲಿ ಚಳಿಜ್ವರ ಇತ್ತು. ಎಡಗೈಯಿಂದ ಕಂಬ ಹಿಡಿದುಕೊಂಡಿದ್ದೆ. ಬಲಗೈ ಎತ್ತಿ, ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಒಂದು ಅರಿವೆಯ ಗಂಟನ್ನು ತೋರಿಸಿದೆ. ಆ ಗಂಟಿನಲ್ಲಿ ಏಳು ಒಣ ಮೆಣಸಿನಕಾಯಿ ಇದ್ದವು.

ಇಷ್ಟು ಖಚಿತವಾಗಿ ಬರೆಯುವುದಕ್ಕೆ ಕಾರಣವಿದೆ. ಹೋದ ವರ್ಷ ಸಂಕ್ರಾಂತಿಯ ಮುಂದೆ, ಎಷ್ಟೋ ಕಾಲದ ಮೇಲೆ, ನಾನು ಆ ಊರಿಗೆ ಹೋಗಿದ್ದೆ. ಗುರುತಿಲ್ಲದ ಒಬ್ಬ ತರುಣ ಚಹಾಕ್ಕೆ ಕರೆದು, ತನ್ನ ಹಿತ್ತಲಲ್ಲಿದ್ದ ಮೆಣಸಿನ ಗಿಡಗಳನ್ನು ತೋರಿಸಿದ. ಕೆಂಪಾದ ಕಾಯಿಗಳ ತುದಿ ಗಿಣಿಮೂಗಿನಂತೆ ಬಾಗಿತ್ತು. "ಇದು ಮಾಸ್ತರ ಕಾಯಿರಿ," ಎಂದ. "ಹಿಂದಕ ಯಾರೋ ಸಾಲಿ ಮಾಸ್ತರು ಹೈದ್ರಾಬಾದಿಲಿಂದ ತಂದು ಊರಿಗೆಲ್ಲ ಹಂಚಿದ್ರಂತ." ನಾನು ಬಾವಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅವನು ದಾರಿಯ ದಣಿವು ಎಂದುಕೊಂಡು ನೀರು ತಂದುಕೊಟ್ಟ.

ಆ ಮಾಸ್ತರ ನಾನೇ. ಊರಿಗೆ ಬೀಜ ಹಂಚಿದ್ದು ನಿಜ. ವರ್ಗವಾಗುವ ಮೊದಲು ಸಾಲೆಯ ಮಕ್ಕಳ ಮನೆಮನೆಗೆ ಕೊಟ್ಟಿದ್ದೆ. ಆದರೆ ಅದನ್ನು ಹೈದರಾಬಾದಿನಿಂದ ನಾನು ತಂದವನಲ್ಲ. ಅದನ್ನು ಆ ಊರಿಗೆ ತಂದಾಕೆಯ ಮನೆಯಲ್ಲಿ ಉಳಿದಿದ್ದ ಕಡೆಯ ಬೀಜವನ್ನು ಬೆಂಕಿಗೆ ಹಾಕಿಸಿದವನು. ಅವತ್ತು ಆ ಹುಡುಗನ ಮುಂದೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ.

ನಾನು ಅಫಜಲಪುರ ಕಡೆಯವನು. ಕಿಣ್ಣಿ ಸುಲ್ತಾನದ ಸಾಲೆಗೆ ಹೋದಾಗ ಇಪ್ಪತ್ತೆರಡು ವರ್ಷ. ಆಗ ಹೈದರಾಬಾದ್ ಸರ್ಕಾರದ ಆಳಿಕೆ; ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಉರ್ದು ಅಕ್ಷರ ಕಲಿಸುವುದು ನನ್ನ ಕೆಲಸ. ನೀಲಮ್ಮ ತಮ್ಮ ಮನೆಯ ಪಡಸಾಲೆಯ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಐವತ್ತು ದಾಟಿದ ವಿಧವೆ. ಮಗಳನ್ನು ಜೇವರ್ಗಿ ಕಡೆ ಕೊಟ್ಟಿತ್ತು. ಒಳಗೆ ಅಡುಗೆಮನೆ, ಅದರ ಹೊಸ್ತಿಲು ನಾನು ದಾಟಿದವನಲ್ಲ. ಹಿಂದೆ ಹಿತ್ತಲು, ಬಾವಿ, ಬಚ್ಚಲು. ಬಚ್ಚಲ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ಮೆಣಸಿನ ಮಡಿಗೆ ಹೋಗುತ್ತಿತ್ತು.

ನಾನು ಬಂದ ಮೊದಲ ದಿನವೇ ನೀಲಮ್ಮ ಕೇಳಿದ್ದು ನನ್ನ ಊರನ್ನಲ್ಲ.

"ಮಾಸ್ತರ, ಜಳಕಕ್ಕ ಏನ್ ಹಚ್ಕೋತೀರಿ?"

"ಸಾಬೂನು ಅವ್ವ."

"ಬಿಟ್ಟಬಿಡ್ರಿ. ಸೀಗಿಕಾಯಿ ಕೊಡ್ತೇನಿ. ನಿಮ್ಮ ಸಾಬೂನಿನ ವಾಸನಿ ನಾಳಿ ನನ್ನ ಸಾರಿನಾಗ ಬಂದೀತು."

ಆ ಗಿಡದ ಬೀಜ ಆಕೆಯ ತವರಿನದು. ಭೀಮಾ ದಂಡೆಯ ಹಳ್ಳಿಯಿಂದ, ಮದುವೆಯಾಗಿ ಬಂದಾಗ ಸೆರಗಿನ ತುದಿಗೆ ಕಟ್ಟಿಕೊಂಡು ತಂದದ್ದು. ಆಕೆ ಅದನ್ನು 'ಅವ್ವನ ಕಾಯಿ' ಎನ್ನುತ್ತಿದ್ದರು. ಬಣ್ಣ ಗಾಢ, ಖಾರ ಸಣ್ಣಗೆ ಶುರುವಾಗಿ ನಿಧಾನವಾಗಿ ಏರುವಂಥದು. ಅವ್ವ ತೀರಿಕೊಂಡ ಮೇಲೆ ತವರಿನ ಹಿತ್ತಲಲ್ಲಿ ಅಣ್ಣಂದಿರು ದನದ ಕೊಟ್ಟಿಗೆ ಕಟ್ಟಿದ್ದರಿಂದ ಅಲ್ಲಿ ಅದು ಉಳಿದಿರಲಿಲ್ಲ. ನಾನು ಹೋಗುವ ಹಿಂದಿನ ಹಂಗಾಮಿನಲ್ಲಿ ಎಲೆ ಮುಟುರಿಕೊಂಡು ಗಿಡಗಳೆಲ್ಲ ಕೆಟ್ಟಿದ್ದವು. ಕೆಡದೆ ಉಳಿದ ಒಂದೇ ಗಿಡದಲ್ಲಿ ಏಳು ಕಾಯಿ ಆರಿಸಿ, ಒಣಗಿಸಿ, ಅರಿವೆಯಲ್ಲಿ ಕಟ್ಟಿ, ಗಾಳಿಯಾಡಲೆಂದು ಪಡಸಾಲೆಯ ಗೂಟಕ್ಕೆ ಹಾಕಿದ್ದರು.

ಬೇಸಿಗೆಯಲ್ಲಿ ಮಗಳ ಮನೆಗೆ, ಮೊಮ್ಮಗನ ತೊಟ್ಟಿಲಿಗೆ ಹೊರಟಾಗ ಆಕೆ ನನಗೆ ಹೇಳಿದ ಮಾತು ಎರಡೇ. ಒಣಗಿಸಿದ ಕಟಕು ರೊಟ್ಟಿ ಬುಟ್ಟಿಯಲ್ಲಿ ಇದೆ ಎಂಬುದು ಒಂದು. "ಆ ಗಂಟಿನ ಮ್ಯಾಲ ಒಂದ್ ಕಣ್ಣಿರ್ಲಿ," ಎಂಬುದು ಇನ್ನೊಂದು.

ಆಕೆ ಹೋದ ಐದನೆಯ ದಿನ ನನಗೆ ಜ್ವರ ಬಂತು. ಎಂಟನೆಯ ದಿನದ ಹೊತ್ತಿಗೆ ಏಳಲು ಆಗುತ್ತಿರಲಿಲ್ಲ. ಆಳಂದದ ದವಾಖಾನೆಯಿಂದ ಯಾರೋ ತಂದುಕೊಟ್ಟ ಕ್ವಿನೈನ್ ಗುಳಿಗೆ ನುಂಗಿ ನರಳುತ್ತಿದ್ದೆ. ಆ ಸಂಜೆ ತಲೆಬಾಗಿಲಲ್ಲಿ ಪಕ್ಕದ ಮನೆಯ ಖಾಜಾಬಿ ಬಂದು ನಿಂತರು. ಹಿಂದೆ ಸೊಸೆ ಮೆಹಬೂಬಿ, ಕೈಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಸೊಸೆಗೆ ಆಗ ಹದಿನೆಂಟಿರಬೇಕು.

ಖಾಜಾಬಿ ಆ ಬಾಗಿಲಿಗೆ ಬಂದು ಆರು ವರ್ಷವಾಗಿತ್ತು. ನಮ್ಮ ಕಡೆ ಉಪ್ಪನ್ನೂ ಮೆಣಸಿನಕಾಯಿಯನ್ನೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಆರು ವರ್ಷದ ಹಿಂದೆ ನೀಲಮ್ಮ ಯಾವುದೋ ಮಾತಿನ ಭರದಲ್ಲಿ ನಾಲ್ಕು ಅವ್ವನ ಕಾಯಿಗಳನ್ನು ಖಾಜಾಬಿಯ ಅಂಗೈಯಲ್ಲೇ ಇಟ್ಟುಬಿಟ್ಟಿದ್ದರು. ಮರುದಿನ ಖಾಜಾಬಿಯ ಕೋಳಿ ಗೋಡೆ ಹಾರಿ ಬಂದು ನೀಲಮ್ಮನ ಸಸಿ ಕೆದರಿತು, ನೀಲಮ್ಮ ಎಸೆದ ಒಡೆದ ಮಡಕೆಯ ಬೋಕಿಯಿಂದ ಕೋಳಿಯ ಕಾಲು ಮುರಿಯಿತು, ಅಲ್ಲಿಗೆ ಮಾತು ಮುರಿಯಿತು. ಈ ಕತೆಯನ್ನು ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದ್ದರು. ಕೋಳಿಯದು ತಪ್ಪು ಎಂದು ನೀಲಮ್ಮ ಹೇಳಲಿಲ್ಲ, ಬೋಕಿಯದು ತಪ್ಪು ಎಂದು ಖಾಜಾಬಿ ಹೇಳಲಿಲ್ಲ. ಕೈಯಲ್ಲಿ ಕೊಟ್ಟದ್ದು ತಪ್ಪಾಯಿತು ಎಂದೇ ಇಬ್ಬರ ಮಾತು.

"ಏನ್ರಿ ಮಾಸ್ತರ, ಗ್ವಾಡಿ ಆಚಿಗಿ ಕೇಳಂಗ ನರಳಾಕತ್ತೀರಿ," ಎಂದರು ಖಾಜಾಬಿ. "ಹೊಸಾ ಕೋಟ ಹಾಕ್ಕೊಂಡು ಊರೆಲ್ಲ ತಿರಗಿದ್ರಿ. ನೆದರ ಆಗದ ಇನ್ನೇನಾದೀತು? ಏಳ್ರಿ. ನಿಂದರ್ರಿ."

ನೆದರು ಎಂದರೆ ಕಣ್ಣು ತಾಗುವುದು, ದೃಷ್ಟಿ. ಎದ್ದು ನಿಂತೆ. ಆಗಲೇ ಹೇಳಿದ ಜಾಗ ಅದು.

"ಒಣಾ ಕಾಯಿ ಬೇಕು. ಮಲಗಿದ ಮನೀವೇ ಆಗಬೇಕು, ನಮ್ಮನೀವು ನಡ್ಯಂಗಿಲ್ಲ. ಆಕಿ ಅಡಗಿ ಮನ್ಯಾಗ ನಾ ಹೋಗಂಗಿಲ್ಲ. ಇಲ್ಲೇ ಹೊರಗ ಎಲ್ಲೆರೆ ಅವೇನು?"

ನಾನು ಗಂಟು ತೋರಿಸಿದೆ. ಅದು ಬೀಜದ ಕಾಯಿ ಎಂದು ನನಗೆ ಗೊತ್ತಿತ್ತು. ಜ್ವರದಲ್ಲಿ ಮರೆತಿದ್ದೆನೋ, ನೆನಪಿದ್ದೂ ಬದುಕಿಕೊಂಡರೆ ಸಾಕೆಂದು ತೋರಿಸಿದೆನೋ, ಇವತ್ತಿಗೂ ಹೇಳಲಾರೆ. ಮರೆತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದಕ್ಕೆ ಸಾಕ್ಷಿ ಇಲ್ಲ.

ಖಾಜಾಬಿ ಗಂಟು ಬಿಚ್ಚಿದರು. "ಏಳೇ ಅವ ನೋಡು, ಬರೋಬರಿ," ಎಂದು ಸೊಸೆಗೆ ತೋರಿಸಿ, ಉಪ್ಪಿನೊಡನೆ ಮುಷ್ಟಿಯಲ್ಲಿ ಹಿಡಿದು, ತಲೆಯಿಂದ ಕಾಲಿನವರೆಗೆ ಮೂರು ಸಲ ಇಳಿಸಿದರು. "ಊರ ನೆದರ, ಕೇರಿ ನೆದರ, ಸಾಲಿ ಹುಡುಗರ ನೆದರ, ನನ್ನ ನೆದರ, ನನ್ನ ಸೊಸಿ ನೆದರ, ಎಲ್ಲಾ ಸುಟ್ಟು ಹೋಗ್ಲಿ." ಮತ್ತೆ ಏಳನ್ನೂ ಕೆಂಡದ ಮೇಲೆ ಹಾಕಿದರು.

ಕಾಯಿ ಕರ್ರಗಾದವು, ಹೊಗೆ ಎದ್ದಿತು. ಘಾಟು ಬರಲಿಲ್ಲ. ಒಣಮೆಣಸಿನಕಾಯಿ ಬೆಂಕಿಗೆ ಬಿದ್ದರೆ ಮೂರು ಮನೆಯವರು ಕೆಮ್ಮಬೇಕು. ನಾವು ಮೂವರೂ ಕೆಮ್ಮಲಿಲ್ಲ. ಬಾಗಿಲು ತೆರೆದಿತ್ತು, ಬಿಸಿಗಾಳಿ ಬೀಸುತ್ತಿತ್ತು, ಇಷ್ಟನ್ನು ಹೇಳಬಲ್ಲೆ. ಘಾಟು ಬರದಿದ್ದರೆ ನೆದರು ನಿಜವಾಗಿ ಆಗಿತ್ತು, ಕಾಯಿ ಅದನ್ನು ನುಂಗಿತು ಎಂದು ನಮ್ಮಲ್ಲಿ ನಂಬುತ್ತಾರೆ. ಮೆಹಬೂಬಿ ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮರುದಿನ ಜ್ವರ ಬಿಟ್ಟಿತು. ಗುಳಿಗೆಯಿಂದಲೋ ಕಾಯಿಯಿಂದಲೋ ನಾನು ಅರಿಯೆ.

ರೋಹಿಣಿ ಮಳೆ ಮೊದಲ ಸಲ ಬಿದ್ದ ಮರುದಿನ ಬೆಳಿಗ್ಗೆ ನೀಲಮ್ಮ ಬೀಜ ಹಾಕಲು ಕುಳಿತರು. ಬಂದು ಎರಡು ದಿನವಾಗಿತ್ತು. ಎರಡು ದಿನವೂ ನಾನು ಬಾಯಿ ಬಿಟ್ಟಿರಲಿಲ್ಲ. ಖಾಲಿ ಅರಿವೆಯನ್ನು ಮೊದಲಿನಂತೆಯೇ ಕಟ್ಟಿ ಗೂಟಕ್ಕೆ ಹಾಕಿದ್ದೆ. ಇದನ್ನೂ ಬರೆಯಬೇಕು. ತಳ ಒಡೆದ ಗಡಿಗೆಯಲ್ಲಿ ಮಣ್ಣು, ಹಳೆಯ ಗೊಬ್ಬರ, ಬೂದಿ ತುಂಬಿಟ್ಟುಕೊಂಡು ಆಕೆ ಗಂಟಿಗೆ ಕೈಯಿಟ್ಟರು.

"ಮಾಸ್ತರ, ಇದು ಬರೇ ಅರಿವಿ ಅದ. ಕಾಯಿ ಎಲ್ಲಿ?"

"ಸುಟ್ಟೆ ಅವ್ವ."

"ಸುಟ್ರಿ? ಚಟ್ನಿಗೇನು?"

"ನೆದರಿಗೆ. ಜ್ವರ ಬಂದಿತ್ತು. ನಾನೇ ಇಳಿಸ್ಕೊಂಡೆ."

ಖಾಜಾಬಿಯ ಹೆಸರು ಬಂದರೆ ಆರು ವರ್ಷದ ಜಗಳ ಹನ್ನೆರಡಾದೀತೆಂದು ನಾನು ಹಾಗೆ ಹೇಳಿದ್ದು. ನೀಲಮ್ಮ ನನ್ನ ಮುಖವನ್ನೇ ನೋಡಿದರು.

"ತನ್ನ ನೆದರ ತಾನೇ ಇಳಿಸ್ಕೊಳ್ಳಾಕ ಬರ್ತದೇನ್ರಿ? ತನ್ನ ಹೆಗಲ ಮ್ಯಾಲ ತಾನೇ ಕೂಡ್ಲಾಕ ಬರ್ತದೇನು? ಇಷ್ಟ್ ದೊಡ್ಡವರಾಗೀರಿ, ಸುಳ್ಳ ಹೇಳ್ಲಾಕ ಬರಲ್ಲ. ನನ್ನ ಮನಿಗೆ ಯಾರ್ ಬಂದಿದ್ರು?"

ಎಲ್ಲವನ್ನೂ ಹೇಳಿದೆ. ಗಂಟು ತೋರಿಸಿದ ಕೈ ನನ್ನದು ಎಂಬುದನ್ನು ಎರಡು ಸಲ ಹೇಳಿದೆ. ಆಕೆ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡರು. ಅದನ್ನು ಅಂಗೈಯಿಂದ ತೀಡುತ್ತಲೇ ಕೇಳಿದರು.

"ಘಾಟ ಬಂತೇನು?"

"ಇಲ್ಲ."

"ಮೂರೂ ಮಂದಿ ಕೆಮ್ಮಲಿಲ್ಲ?"

"ಇಲ್ಲ ಅವ್ವ."

"ಹಂಗಾದ್ರ ಸುಮ್ಮನ ಸುಡಲಿಲ್ಲ ಬಿಡ್ರಿ." ಎದ್ದು ಹಿತ್ತಲಿಗೆ ಹೋದರು. ಬಾವಿಯ ಹತ್ತಿರ ಬೆನ್ನು ಮಾಡಿ ನಿಂತವರು ತಿರುಗದೆಯೇ ಕೇಳಿದರು: "ಅಕಿ ಅಡಗಿ ಮನಿಗೆ ಹೋಗಿದ್ಳೇನು?"

"ಇಲ್ಲ. ನಾ ಹೋಗಂಗಿಲ್ಲ ಅಂತ ತಾವೇ ಅಂದ್ರು."

"ಹೂಂ. ಅಷ್ಟು ತಿಳೀತದ ಅಕಿಗೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನಮ್ಮವ್ವಂದು ಅಂತ ಅದೊಂದೇ ಇತ್ರಿ ಮಾಸ್ತರ."

ಹಿತ್ತಲುಗಳ ನಡುವಿನ ಮಣ್ಣಿನ ಗೋಡೆ ನನ್ನ ಎದೆಮಟ್ಟ. ಆಚೆ ಖಾಜಾಬಿಯ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ಆಗಲೇ ನಿಂತಿತ್ತು.

ಆ ವಾರ ಆಳಂದದ ಸಂತೆಯಿಂದ, ಒಳ್ಳೆಯದೆಂದು ಮಾರುವವನು ಹೇಳಿದ ಬೀಜವನ್ನು ನಾನು ತಂದೆ. ನೀಲಮ್ಮ ಪೊಟ್ಟಣ ಬಿಚ್ಚಲೂ ಇಲ್ಲ. "ಸಾಲಿ ಅಂಗಳದಾಗ ಹಾಕ್ರಿ, ಹುಡುಗರು ತಿಂದಾವು," ಎಂದರು. ಕೋಪದಿಂದ ಅಲ್ಲ. ಪಕ್ಕದ ಹಿತ್ತಲಲ್ಲಿ ಅದೇ ಕಾಯಿಯ ಗಿಡ ಇತ್ತಲ್ಲ ಎಂದು ಒಮ್ಮೆ ಕೇಳಿದೆ. ಅಂಗೈಗೆ ಹೋದ ಆ ನಾಲ್ಕು ಕಾಯಿಗಳ ಬೀಜವನ್ನು ಖಾಜಾಬಿ ವರ್ಷವರ್ಷವೂ ಹಾಕುತ್ತಿದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು. "ಆ ಮಾತ ಆಡಬ್ಯಾಡ್ರಿ. ಕೊಟ್ಟದ್ದು ತಿರಗಿ ಕೇಳೂ ಮನಿತನ ಅಲ್ಲ ನಂದು," ಎಂದರು. ಆದರೂ ಮಡಿಯನ್ನು ಅಗೆದರು. ಹೆಂಟೆ ಒಡೆದರು, ಗೊಬ್ಬರ ಬೆರೆಸಿದರು, ಬಚ್ಚಲ ಕಾಲುವೆಯ ಹೂಳು ತೆಗೆದರು. ಏನನ್ನೂ ಹಾಕದೆ ಬಿಟ್ಟರು. ನಾನು ದಿನವೂ ಜಳಕ ಮಾಡಿದ ನೀರು ಖಾಲಿ ಮಡಿಗೆ ಹರಿದು ಇಂಗುತ್ತಿತ್ತು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ಒಗೆದ ಧೋತರ ಒಣಹಾಕಲು ಹೋದಾಗ ಆಚೆಯ ಹಿತ್ತಲು ಕಂಡಿತು. ಗೋಡೆಯ ಮಗ್ಗುಲಿಗೇ ಒಂದು ಒಡಕು ಗಡಿಗೆ, ಸುತ್ತ ಜಾಲಿಮುಳ್ಳು, ಒಳಗೆ ಹಸಿರು. ಎರಡೆರಡು ಎಲೆಯ ಸಸಿಗಳು. ನೆರಳು ಬೀಳಲೆಂದು ಮೇಲೆ ಹಳೆಯ ಚಾಪೆಯ ತುಂಡು. ಕೆಳಗಿಳಿದು ಯಾರಿಗೂ ಹೇಳಲಿಲ್ಲ. ನನ್ನಿಂದ ಆ ಮನೆಗೆ ಆದದ್ದು ಸಾಕು ಅನ್ನಿಸಿತ್ತು.

ನೀಲಮ್ಮನಿಗೂ ಏನೋ ಅನುಮಾನ ಬಂದಿತ್ತು, ಆದರೆ ಬೇರೆ ಕಡೆಯಿಂದ. "ಮಾಸ್ತರ, ಅಕಿ ಕೋಳಿ ಮಾರ್ಯಾಳೇನು? ಗ್ವಾಡಿ ಹತ್ತಿ ಒಂದೂ ಬರವಲ್ವು," ಎಂದರು. ಕೋಳಿ ಮಾರಿರಲಿಲ್ಲ. ಹಗಲೆಲ್ಲ ಬುಟ್ಟಿಯ ಕೆಳಗೆ ಕವುಚಿ ಹಾಕಿದ್ದರು. ಮೆಹಬೂಬಿ ಅವುಗಳಿಗೆ ಅಲ್ಲೇ ಕಾಳು ಹಾಕುವುದನ್ನು ನಾನು ಮಾಳಿಗೆಯಿಂದ ಕಂಡಿದ್ದೆ.

ಪುನರ್ವಸು ಹೊಕ್ಕ ಮೂರನೆಯ ದಿನ, ಮೋಡ ಕವಿದಿತ್ತು, ಹನಿ ಉದುರುತ್ತಿತ್ತು. ನಾನು ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಗೋಡೆಯಾಚೆ ಖಾಜಾಬಿ ಕಾಣಿಸಿಕೊಂಡರು, ಪಕ್ಕದಲ್ಲಿ ಸೊಸೆ. ಖಾಜಾಬಿಯ ಎರಡೂ ಕೈಯಲ್ಲಿ ಒದ್ದೆ ಔಡಲೆಲೆಯಲ್ಲಿ ಸುತ್ತಿದ ಸಸಿಗಳು, ಬೇರಿಗೆ ಕೆಸರು.

"ನೀಲಮ್ಮಕ್ಕ," ಎಂದರು.

ಮಡಿಯ ಬದುವಿನಲ್ಲಿ ಕಳೆ ಕೀಳುತ್ತಿದ್ದ ನೀಲಮ್ಮ ತಲೆ ಎತ್ತಲಿಲ್ಲ. "ಏನು?"

"ನಿನ್ನ ಕಾಯಿ ಸುಟ್ಟಾಕಿ ನಾನು. ಬೀಜದ್ದು ಅಂತ ಗೊತ್ತಿದ್ದಿಲ್ಲ, ಖುದಾನ ಆಣಿ. ಇವು ಇಪ್ಪತ್ತೊಂದು ಅವ. ಆದ್ರ ಒಂದ್ ಮಾತ ಹೇಳ್ತೇನಿ. ನನ್ನ ಹಿತ್ತಲದಾಗ ಲವಂಗಿ ಗಿಡಾನೂ ಅದ. ಕಲತದೋ ಏನೋ, ಅಲ್ಲಾನೇ ಬಲ್ಲ. ಕಾಯಿ ಬಿಟ್ಟ ಮ್ಯಾಲ ಅವ್ವಂದು ಅಲ್ಲ ಅಂತ ನನ್ನ ಬೈಬ್ಯಾಡ."

ಲವಂಗಿ ಎಂದರೆ ಸಣ್ಣ, ಸಿಡುಕು ಖಾರದ ಕಾಯಿ. ಜೊತೆಗೆ ಬೆಳೆದರೆ ಬೀಜದಲ್ಲಿ ಬೆರೆತುಹೋಗುತ್ತದೆ. ಖಾಜಾಬಿ ಸಸಿಗಳನ್ನು ಗೋಡೆಯ ಮೇಲೆ ಇಡಲು ಬಾಗಿದರು. ನೀಲಮ್ಮ ಎದ್ದರು. ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಗೋಡೆಯ ಹತ್ತಿರ ಹೋದರು.

"ಅಲ್ಲಿ ಯಾಕ ಇಡ್ತೀ ಬೇ? ಬೇರ ಒಣಗತಾವ. ಕೈಯಾಗ ಕೊಡು."

ಖಾಜಾಬಿ ಹಿಂದೆ ಸರಿದರು. "ಕೈಯಾಗ? ಮೆಣಸಿನ ಗಿಡ? ಹಿಂದ ಆದದ್ದು ಸಾಲಲಿಲ್ಲೇನು?"

"ಆರು ವರ್ಷ ಜಗಳಾಡೀವಿ. ಇನ್ನ ಯಾವ ಜಗಳ ಉಳದದ ನಮಗ? ಕೊಡು ಇತ್ತ."

ಎರಡು ಅಂಗೈ ಮುಂದೆ ಬಂದವು. ಎರಡು ಅಂಗೈಯಿಂದ ಸಸಿಗಳು ಅವಕ್ಕೆ ಇಳಿದವು. ಇದನ್ನು ನಾನು ಹದಿನೈದು ಹೆಜ್ಜೆ ದೂರದಿಂದ ಕಂಡೆ. ಮೆಹಬೂಬಿ ಕೆಟ್ಟದ್ದೇನೋ ಆಗುತ್ತದೆ ಎಂಬಂತೆ ಆಕಾಶ ನೋಡಿದಳು. ಆಕಾಶದಲ್ಲಿ ಮೋಡ ಬಿಟ್ಟರೆ ಏನೂ ಇರಲಿಲ್ಲ.

ಅಲ್ಲಿಂದ ಮುಂದಿನ ನಾಲ್ಕು ತಿಂಗಳು ನನ್ನ ಜೀವನದಲ್ಲಿ ಅತ್ಯಂತ ಸಮಾಧಾನದ ಕಾಲ. ಅದಕ್ಕೆ ದೊಡ್ಡ ಕಾರಣ ಕೊಡಲಾರೆ. ಬೆಳಿಗ್ಗೆ ಎದ್ದೊಡನೆ ಮಾಡಲು ಒಂದು ಕೆಲಸ ಇತ್ತು. ಸಸಿಗಳನ್ನು ಮೊಳಕ್ಕೊಂದರಂತೆ ಹಚ್ಚಿದೆವು, ಮೊದಲ ನಾಲ್ಕು ದಿನ ಒಂದೊಂದಕ್ಕೂ ಎಲೆಯ ಕೊಡೆ ಮಾಡಿದೆವು. ಎರಡು ಸತ್ತವು, ಹತ್ತೊಂಬತ್ತು ಹಿಡಿದವು. ಇಬ್ಬನಿ ಆರುವ ಮೊದಲು ಎಲೆಗೆ ಒಲೆಯ ಬೂದಿ ಉದುರಿಸುವುದು ನನ್ನ ಪಾಲು. ಬೂದಿ ಸಮವಾಗಿ ಬೀಳಬೇಕು, ಹಿಡಿಹಿಡಿ ಹಾಕಿದರೆ ನೀಲಮ್ಮ, "ಮಾಸ್ತರ, ಹೋಳಿಹುಣ್ಣಿಮಿ ಆಡಾಕತ್ತೀರೇನು?" ಎನ್ನುತ್ತಿದ್ದರು. ಬುಡಕ್ಕೆ ನೀರು ನಿಲ್ಲಬಾರದು, ನೆಲ ಪೂರ್ತಿ ಆರಲೂ ಬಾರದು. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಊರಿ ನೋಡುವುದನ್ನು ಆಕೆ ನನಗೆ ಕಲಿಸಿದರು. ಇವತ್ತಿಗೂ ನನ್ನ ಮನೆಯ ಕುಂಡಗಳಿಗೆ ಹಾಗೆಯೇ ನೋಡುತ್ತೇನೆ.

ಶ್ರಾವಣ ಕಳೆಯುವಾಗ ಮೂರು ಗಿಡಗಳ ತುದಿ ಎಲೆ ದೋಣಿಯಂತೆ ಮಡಚಿಕೊಂಡವು. ಹಿಂದಿನ ವರ್ಷ ಎಲ್ಲವನ್ನೂ ತಿಂದ ರೋಗ ಅದೇ. ನೀಲಮ್ಮ ಮೂರನ್ನೂ ಕಿತ್ತು ದೂರ ಒಯ್ದು ಸುಟ್ಟರು. ಖಾಜಾಬಿ ಮೂರು ದಿನದ ಹುಳಿ ಮಜ್ಜಿಗೆಯನ್ನು ಗೋಡೆಯ ಮೇಲಿಂದ ದಾಟಿಸಿದರು. ಚೂರು ಇಂಗು ಕದಡಿ, ಕಸಬರಿಗೆಯ ತುದಿಯಿಂದ ಉಳಿದ ಹದಿನಾರಕ್ಕೂ ಚಿಮುಕಿಸಿದೆವು. ನನ್ನ ಸಾಲೆಯ ಕೋಟಿಗೆ ತಿಂಗಳುಗಟ್ಟಲೆ ಆ ವಾಸನೆ ಇತ್ತು. ಮುಂದಿನ ಬೆಂಚಿನ ಹುಡುಗರು ಮೂಗು ಮುಚ್ಚಿಕೊಂಡು ಅಲಿಫ್ ಬೇ ಹೇಳುತ್ತಿದ್ದರು. ಎಂಟು ದಿನ ಪ್ರತಿ ಬೆಳಿಗ್ಗೆ ಮೂವರೂ ಒಂದೊಂದು ಎಲೆ ತಿರುವಿ ನೋಡಿದೆವು. ರೋಗ ಮುಂದೆ ಹೋಗಲಿಲ್ಲ. ಬಿಳಿ ಹೂ ಬಂದವು. ಒಂದಿಷ್ಟು ಉದುರಿದವು, ಉಳಿದವು ಕಾಯಾದವು.

ಕಾಯಿ ಬಲಿಯುತ್ತ ಹೋದಂತೆ ಇಬ್ಬರೂ ಮಾತು ಕಡಿಮೆ ಮಾಡಿದರು. ತುದಿ ಬಾಗಿತ್ತು, ಸರಿ. ಕೆಂಪಾದಾಗ ಬಣ್ಣ ಗಾಢವಾಯಿತು, ಅದೂ ಸರಿ. ಆದರೆ ಲವಂಗಿ ಬೆರೆತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೇ ತಿಳಿಯಬೇಕು. ಹಸಿಯದರಲ್ಲಿ ತಿಳಿಯುವುದಿಲ್ಲ, ಹಣ್ಣಾಗಲಿ ಎಂದು ನೀಲಮ್ಮ ಕಾದರು.

ದೀಪಾವಳಿ ಕಳೆದ ಎಂಟನೆಯ ದಿನ ಬೆಳಿಗ್ಗೆ, ಸಾಲೆಗೆ ಹೊರಡುವ ಹೊತ್ತಿಗೆ, ಆಕೆ ಮೊದಲ ಹಣ್ಣನ್ನು ತೊಟ್ಟು ಸಮೇತ ಕಿತ್ತರು. ನಾನು ಬಾವಿಯ ಕಟ್ಟೆಯ ಹತ್ತಿರ ನಿಂತಿದ್ದೆ. ಆಚೆ ಖಾಜಾಬಿ ಗೋಡೆಗೆ ಎರಡೂ ಮೊಣಕೈ ಊರಿದ್ದರು, ಮೆಹಬೂಬಿ ಅತ್ತೆಯ ಬೆನ್ನ ಹಿಂದೆ. ನೀಲಮ್ಮ ಕಾಯಿಯನ್ನು ಉದ್ದಕ್ಕೆ ಸೀಳಿದರು, ಮೂಸಿದರು, ಒಳಗಿನ ಬಿಳಿ ನಾರಿನ ಸಮೇತ ಅರ್ಧವನ್ನು ಬಾಯಿಗೆ ಹಾಕಿಕೊಂಡು ಅಗಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಆಕೆಯ ಕಿವಿ ಕೆಂಪಾದವು, ಹಣೆಯ ಮೇಲೆ ಬೆವರು ಬಂತು, ಕಣ್ಣಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಏನಂತದ ಅಕ್ಕ?" ಖಾಜಾಬಿ ಗೋಡೆಯ ಮೇಲೆ ಇನ್ನಷ್ಟು ಬಾಗಿದರು. "ಅವ್ವಂದು ಹೌದೋ ಅಲ್ಲೋ?"

"ಹೌದು." ನೀಲಮ್ಮ ಇನ್ನೊಮ್ಮೆ ಅಗಿದು ನುಂಗಿದರು. "ನಮ್ಮವ್ವಂದೇ. ಆದ್ರ ತುಸು ಜಗಳಗಂಟಿ ಆಗ್ಯಾದ. ನಿನ್ನ ಮನ್ಯಾಗ ಆರು ವರ್ಷ ಇದ್ದು ನಿನ್ನ ನಾಲಗಿ ಕಲತದ."

"ಅಯ್ಯೋ, ನನ್ನ ಮನಿಗಿ ಬರಾಗೇ ಹಂಗ ಇತ್ತಲ್ಲ! ತವರಿನ ಗುಣ ಅದು!"

ನೀಲಮ್ಮ ನಕ್ಕರು, ನಗುವಾಗ ಖಾರ ನೆತ್ತಿಗೇರಿ ಕೆಮ್ಮಿದರು. ಉಳಿದ ಅರ್ಧವನ್ನು ಗೋಡೆಯ ಮೇಲಿಂದ ಖಾಜಾಬಿಯ ಬಾಯಿಗೇ ಇಟ್ಟರು. ಅವರೂ ಕೆಮ್ಮಿದರು. ನಾನು ಸಾಲೆಗೆ ತಡವಾಗಿ ಹೋದೆ.

ನೀಲಮ್ಮ ಈಗ ಇಲ್ಲ, ಖಾಜಾಬಿಯೂ ಇಲ್ಲ. ಸುಟ್ಟದ್ದನ್ನೂ, ಕೈಯಲ್ಲಿ ಕೊಟ್ಟದ್ದನ್ನೂ, ಈ ಕೊನೆಯ ಮಾತನ್ನೂ ನನ್ನೊಡನೆ ಕಂಡವಳು ಮೆಹಬೂಬಿ ಒಬ್ಬಳೇ. ಚೌಡಾಪುರದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ, ನೆನಪು ನನಗಿಂತ ಚೆನ್ನಾಗಿದೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಆಕೆಯನ್ನು ಕೇಳಿ ತಿದ್ದಿಕೊಳ್ಳಬಹುದು.